ಹಳೆಯ ಲಾರಿ ಕೊಳ್ಳುವ ಮುನ್ನ

ಇತ್ತೀಚೆಗೆ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ಚೀಟಿ ಬರೆಸಿಕೊಂಡು ಹೊರಡುವ ಮುನ್ನ ಇನ್ನೊಂದು ಮಾತು ತೆಗೆಯುವುದುಂಟು. ‘ಮಗ ಒಂದು ಹಳೇ ಲಾರಿ ನೋಡಿದ್ದಾನೆ. ಡ್ರೈವರ್ ಬೇಡ, ತಾನೇ ಓಡಿಸ್ತೀನಿ ಅಂತಾನೆ. ನೀವೇನಂತೀರಿ?’ 2024-25ರ ಹಂಗಾಮಿನಲ್ಲಿ ಕಾಫಿಗೆ ನಮ್ಮ ತಲೆಮಾರು ಕಾಣದ ಬೆಲೆ ಬಂತು. ಕೈಯಲ್ಲಿ ನಾಲ್ಕು ಕಾಸು ಉಳಿದವರಿಗೆ ಇಂಥ ಯೋಚನೆ ಬರುವುದು ಸಹಜ. ಓದಿ ಮುಗಿಸಿದ ಹುಡುಗ ಬೆಂಗಳೂರಿಗೆ ಹೋಗದೆ ಊರಲ್ಲೇ ಉಳಿಯುತ್ತೇನೆ ಎಂದರೆ ಯಾವ ತಂದೆತಾಯಿ ಬೇಡವೆಂದಾರು? ಹಾಗಾಗಿ ನಾವು ಯಾರಿಗೂ ‘ಬೇಡ’ ಎಂದು ಹೇಳಿಲ್ಲ. ಆದರೆ ನಾಲ್ಕು ಎಕರೆ ತೋಟವನ್ನು ಅಡವಿಟ್ಟು ಲಾರಿ ತರುವ ಮಾತು ಬಂದಾಗ ಮಾತ್ರ ಕುರ್ಚಿ ಎಳೆದು ಕೂರಿಸಿ ಒಂದು ಗಂಟೆ ಮಾತಾಡಿದ್ದೇವೆ. ಆ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಇದರಲ್ಲಿ ನಮ್ಮದೇ ಒಂದು ಕಥೆಯೂ ಇದೆ. 2002ರಲ್ಲಿ ಕಾಫಿ ಬೆಲೆ ನೆಲ ಕಚ್ಚಿತ್ತು. ಕುಯ್ಲಿನ ಕೂಲಿಯೇ ಹುಟ್ಟದ ಕಾಲ. ತೋಟ ನಂಬಿ ಕೂತರೆ ಆಗದೆಂದು ನಾವೂ ನಮ್ಮ ಚಿಕ್ಕಪ್ಪನ ಮಗನೂ ಸೇರಿ ಬಯಲುಸೀಮೆಯ ಒಂದು ಪಟ್ಟಣದಲ್ಲಿ ಬ್ರೋಕರ್ ಮೂಲಕ ಆರು ಚಕ್ರದ ಲಾರಿಯೊಂದನ್ನು ಕೊಂಡೆವು. ಹೊಸ ಬಣ್ಣ, ಮುಂದುಗಡೆ ಚೆಂದದ ಹೂಬಳ್ಳಿ, ಎರಡು ದನಿಯ ಹಾರನ್ನು. ಆಯುಧಪೂಜೆಯ ಹಿಂದಿನ ದಿನ ಮನೆಗೆ ತಂದೆವು. ಆರ್.ಸಿ. ಪುಸ್ತಕದಲ್ಲಿ ಸಾಲ ಕೊಟ್ಟ ಫೈನಾನ್ಸಿನ ಹೆಸರು ಇನ್ನೂ ಇತ್ತು. ‘ಎರಡೇ ಕಂತು ಬಾಕಿ, ನಾನು ಕಟ್ಟಿಬಿಡ್ತೀನಿ ಸ್ವಾಮಿ’ ಎಂದು ಮಾರಿದವರು ಹೇಳಿದರು. ಸಹಿ ಹಾಕಿದ ಖಾಲಿ ಫಾರಂಗಳನ್ನು ಕೊಟ್ಟರು. ಹೆಸರು ಬದಲಾವಣೆ ಹಂಗಾಮು ಮುಗಿದ ಮೇಲೆ ಮಾಡಿಸಿದರಾಯಿತು ಎಂದುಕೊಂಡೆವು.

ಫೆಬ್ರವರಿಯಲ್ಲಿ ನೆರೆಯ ಮೂವರ ಚೆರಿ ಕಾಫಿ ತುಂಬಿಕೊಂಡು ಕ್ಯೂರಿಂಗ್ ವರ್ಕ್ಸಿಗೆ ಹೊರಟಾಗ ದಾರಿಯಲ್ಲಿ ನಾಲ್ಕು ಜನ ಅಡ್ಡ ನಿಂತು ಕೀಲಿ ಕಿತ್ತುಕೊಂಡರು. ಬಾಕಿ ಇದ್ದದ್ದು ಎರಡು ಕಂತಲ್ಲ, ಹನ್ನೊಂದು. ಲಾರಿ ಅವರ ಯಾರ್ಡಿನಲ್ಲಿ ಒಂಬತ್ತು ದಿನ ನಿಂತಿತು. ಆರನೆಯ ದಿನ ಹೂಮಳೆ ಬಂತು. ವರ್ಷವಿಡೀ ಯಾವ ಮಳೆಗಾಗಿ ಕಾಯುತ್ತೇವೋ ಅದೇ ಮಳೆ. ಟಾರ್ಪಾಲು ಹರಿದಿತ್ತು. ನೆನೆದ ಮೂಟೆಗಳಿಗೆ ಕ್ಯೂರಿಂಗಿನಲ್ಲಿ ಎಷ್ಟು ಕಡಿತವಾಯಿತೋ ಅಷ್ಟನ್ನೂ ನೆರೆಯವರಿಗೆ ನಾವೇ ತುಂಬಿಕೊಟ್ಟೆವು. ತೀರಿಸಲು ಎರಡು ವರ್ಷ ಹಿಡಿಯಿತು. ಆ ಮೂವರಲ್ಲಿ ಒಬ್ಬರು ಇಂದಿಗೂ ಸಿಕ್ಕಾಗ ‘ಲಾರಿ ಹೇಗಿದೆ?’ ಎಂದು ಕೇಳುತ್ತಾರೆ.

ಲಾರಿ ಕೆಟ್ಟದ್ದಾಗಿತ್ತು ಎಂದು ನಾವು ಬಹಳ ಕಾಲ ಹೇಳಿಕೊಂಡು ತಿರುಗಿದೆವು. ನಿಜ ಹೇಳಬೇಕೆಂದರೆ ನಾವು ಕೊಂಡ ಕ್ರಮವೇ ತಲೆಕೆಳಗಾಗಿತ್ತು. ಮೊದಲು ಲಾರಿ ನೋಡಿದೆವು, ಆಮೇಲೆ ಕಾಗದ, ಕೊನೆಗೆ ಲೋಡು. ನೋಡಬೇಕಾದದ್ದು ಮೊದಲು ಲೋಡು, ಆಮೇಲೆ ಕಾಗದ, ಕೊನೆಗೆ ಲಾರಿ.

ಲೋಡಿನ ಮಾತನ್ನೇ ಮೊದಲು ಆಡೋಣ. ಐದು ಎಕರೆ ರೊಬಸ್ಟದಲ್ಲಿ 50 ಕಿಲೋ ಲೆಕ್ಕದ 100 ಮೂಟೆ ಚೆರಿ ಬಂತೆಂದು ಹಿಡಿಯಿರಿ. ಅದು 5 ಟನ್. ಹತ್ತು ಟನ್ ಹೊರುವ ಲಾರಿಗೆ ಅರ್ಧ ಲೋಡು. ಎಂದರೆ ಇಡೀ ವರ್ಷದ ನಿಮ್ಮ ಫಸಲು ನಿಮ್ಮ ಲಾರಿಗೆ ಅರ್ಧ ದಿನದ ಕೆಲಸ. ‘ನಮ್ಮ ಮಾಲು ಸಾಗಿಸೋಕೆ ಬಾಡಿಗೆ ಕೊಡೋದು ಉಳೀತದೆ’ ಎಂಬ ಮಾತನ್ನು ಇಲ್ಲಿಗೇ ಬಿಟ್ಟುಬಿಡಬೇಕು. ಲಾರಿ ಬದುಕುವುದು ಬೇರೆಯವರ ಮಾಲಿನಿಂದ. ಆ ಬೇರೆಯವರು ಯಾರು, ಎಷ್ಟು ಟನ್, ಯಾವ ತಿಂಗಳು, ಎಲ್ಲಿಗೆ ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ತಿಂಗಳವಾರು ಬರೆಯಲು ಹುಡುಗನಿಗೆ ಹೇಳಿ. ಬರೆಯಲು ಕೂತಾಗಲೇ ಅರ್ಧ ಸತ್ಯ ಗೊತ್ತಾಗುತ್ತದೆ.

ನವೆಂಬರಿನಿಂದ ಮಾರ್ಚಿಯವರೆಗಿನ ಪುಟಗಳು ತುಂಬುತ್ತವೆ. ಅರೇಬಿಕ, ಅಡಿಕೆ, ರೊಬಸ್ಟ, ಶುಂಠಿ ಒಂದರ ಬೆನ್ನಿಗೊಂದು ಬರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಸುಣ್ಣ, ಕೋಳಿಗೊಬ್ಬರ, ರಸಗೊಬ್ಬರ. ಜೂನ್ ಬಂತೆಂದರೆ ಪುಟ ಖಾಲಿ. ಮಳೆಗಾಲದಲ್ಲಿ ನಮ್ಮ ಮಣ್ಣುರಸ್ತೆಗಳಲ್ಲಿ ಲೋಡು ಲಾರಿ ಇಳಿಯುವುದೇ ಇಲ್ಲ. ಘಾಟಿಗಳ ಪಾಡೂ ಎಲ್ಲರಿಗೂ ಗೊತ್ತು. 2018ರ ಆಗಸ್ಟಿನಲ್ಲಿ ಮಡಿಕೇರಿ ಸಂಪಾಜೆ ರಸ್ತೆ ಕುಸಿಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದ ಮೇಲೆ ಅಲ್ಲಿ ಭಾರಿ ವಾಹನಗಳಿಗೆ ತಡೆ ಬಿತ್ತು. ಶಿರಾಡಿ ಎಂದು ಮುಚ್ಚುವುದೋ ಮಳೆಯೇ ಹೇಳಬೇಕು. ಆದ್ದರಿಂದ ಜೂನಿನಿಂದ ಸೆಪ್ಟೆಂಬರಿನವರೆಗೆ ಲಾರಿ ಬಯಲುಸೀಮೆಗೆ ಹೋಗಿ ಅಕ್ಕಿ, ಸಿಮೆಂಟು, ಪಶು ಆಹಾರ, ತರಕಾರಿ ಹೊತ್ತು ದುಡಿಯಬೇಕು. ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಸರದಿಯಲ್ಲಿ ನಿಂತು, ಕಮಿಷನ್ ಕೊಟ್ಟು, ಲೋಡು ಹಿಡಿಯಬೇಕು. ಹುಡುಗ ಅದಕ್ಕೆ ತಯಾರಿದ್ದಾನೆಯೇ? ಊರಲ್ಲೇ ಇರಬೇಕೆಂದು ಲಾರಿ ಕೊಂಡವನು ವರ್ಷದಲ್ಲಿ ಎಷ್ಟು ರಾತ್ರಿ ಮನೆಯಲ್ಲಿ ಮಲಗುತ್ತಾನೆ?

ಇನ್ನೊಂದು ಸೂಕ್ಷ್ಮವಿದೆ. ಲಾರಿಗೆ ಸುಗ್ಗಿ ಇರುವ ತಿಂಗಳುಗಳೇ ತೋಟಕ್ಕೂ ಸುಗ್ಗಿ. ಆಳು ಕರೆತರುವವರು ಯಾರು, ಕಣ ನೋಡುವವರು ಯಾರು, ರಾತ್ರಿ ಅಡಿಕೆ ಬೇಯಿಸುವಲ್ಲಿ ನಿಲ್ಲುವವರು ಯಾರು ಎಂಬುದು ಲಾರಿ ಬರುವ ಮೊದಲೇ ಮನೆಯೊಳಗೆ ತೀರ್ಮಾನವಾಗಬೇಕು. ಅಪ್ಪನಿಗೆ ಅರವತ್ತು ದಾಟಿದ್ದರೆ ಈ ಪ್ರಶ್ನೆ ಚಿಕ್ಕದಲ್ಲ.

ಇನ್ನು ಲೆಕ್ಕ. ಕೆಳಗಿನವು ನಾವು ತಿಳಿವಳಿಕೆಗಾಗಿ ಹಿಡಿದ ಅಂಕಿಗಳು. ನೀವು ನಿಮ್ಮ ಊರಿನ ದರ ಹಾಕಿಕೊಳ್ಳಿ. ಡೀಸೆಲ್ ಲೀಟರಿಗೆ 90 ರೂ., ಲಾರಿ ಲೀಟರಿಗೆ 5 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ 18 ರೂ. ಆರು ಟೈರಿಗೆ 1,20,000 ರೂ. ಕೊಟ್ಟು 60,000 ಕಿ.ಮೀ. ಓಡಿಸಿದರೆ ಕಿಲೋಮೀಟರಿಗೆ 2 ರೂ. ಆಯಿಲ್, ಗ್ರೀಸು, ರಿಪೇರಿಗೆ ಹಳೆಯ ಗಾಡಿಯಾದ್ದರಿಂದ 4 ರೂ. ಎತ್ತಿಡಬೇಕು. ಒಟ್ಟು 24 ರೂ. ಇದು ಓಡಿದರೆ ಮಾತ್ರ ಬರುವ ಖರ್ಚು. ಓಡದಿದ್ದರೂ ಬರುವ ಖರ್ಚು ಬೇರೆ ಇದೆ. ಸಾಲದ ಕಂತು 18,889 ರೂ., ವಿಮೆ ತಿಂಗಳಿಗೆ 4,000, ತೆರಿಗೆ, ಎಫ್.ಸಿ., ಪರ್ಮಿಟ್ ಸೇರಿ 3,000, ಕ್ಲೀನರ್ ಸಂಬಳ 12,000, ಓಡಿಸುವ ಹುಡುಗನ ಸಂಬಳ 20,000. ಒಟ್ಟು ಸುಮಾರು 58,000 ರೂ. ‘ಮಗನಿಗೆ ಯಾಕೆ ಸಂಬಳ, ಮನೆಯವನೇ ಅಲ್ಲವೇ’ ಎನ್ನುವವರಿದ್ದಾರೆ. ಆ 20,000 ಬರೆಯದೆ ಲಾಭ ತೋರಿಸುವ ಲಾರಿ ಮಗನ ದುಡಿಮೆಯನ್ನು ಪುಕ್ಕಟೆ ತಿನ್ನುತ್ತಿರುತ್ತದೆ.

ತಿಂಗಳಿಗೆ 3,000 ಕಿ.ಮೀ. ಓಡಿದರೆ ಓಡಾಟದ ಖರ್ಚು 72,000, ನಿಂತ ಖರ್ಚು 58,000, ಒಟ್ಟು 1,30,000 ರೂ. ಎಂದರೆ ಕಿಲೋಮೀಟರಿಗೆ 43 ರೂ. ಚಿಲ್ಲರೆ. ಆದರೆ ಹೋಗುವಾಗ ಲೋಡು, ಬರುವಾಗ ಖಾಲಿ ಎಂದಾದರೆ ಬಾಡಿಗೆ ಹುಟ್ಟುವುದು 1,500 ಕಿ.ಮೀ.ಗೆ ಮಾತ್ರ. ಆಗ ಲೋಡು ಇರುವ ಪ್ರತಿ ಕಿಲೋಮೀಟರಿಗೆ 87 ರೂ. ಸಿಗದಿದ್ದರೆ ನಷ್ಟ. ಅರ್ಧದಷ್ಟು ಟ್ರಿಪ್ಪಿಗಾದರೂ ರಿಟರ್ನ್ ಲೋಡು ಸಿಕ್ಕಿತೆನ್ನಿ, 58 ರೂ.ಗೆ ಇಳಿಯುತ್ತದೆ. ಮಳೆಗಾಲದಲ್ಲಿ ತಿಂಗಳಿಗೆ 1,000 ಕಿ.ಮೀ. ಮಾತ್ರ ಓಡಿದರೆ ಒಂದು ಕಿಲೋಮೀಟರೂ ಖಾಲಿ ಓಡದಿದ್ದರೂ 82 ರೂ. ಬೀಳುತ್ತದೆ. ಸುಗ್ಗಿಯ ಲಾಭವನ್ನು ಮಳೆಗಾಲ ತಿನ್ನುವುದು ಹೀಗೆ. ಬಾಡಿಗೆ ಎಷ್ಟು ಸಿಗುತ್ತದೆಂದು ವಿಚಾರಿಸುವಾಗ ರಿಟರ್ನ್ ಲೋಡು ಏನು ಸಿಗುತ್ತದೆ ಎಂಬುದನ್ನೇ ಮೊದಲು ವಿಚಾರಿಸಿ.

ಸಾಲದ ಕಂತು 18,889 ಎಂದೆವಲ್ಲ, ಅದು ಹೇಗೆ ಬಂತೆಂದು ನೋಡಿ. 5 ಲಕ್ಷ ಸಾಲ, ಮೂರು ವರ್ಷ, ‘12 ಪರ್ಸೆಂಟ್ ಫ್ಲಾಟ್’. ವರ್ಷಕ್ಕೆ 60,000ದಂತೆ ಬಡ್ಡಿ 1,80,000, ಒಟ್ಟು 6,80,000, ಭಾಗಿಸು 36. ಫ್ಲಾಟ್ ಎಂದರೆ ನೀವು ಅಸಲು ತೀರಿಸುತ್ತ ಹೋದರೂ ಮೊದಲ ದಿನದ 5 ಲಕ್ಷಕ್ಕೇ ಕೊನೆಯವರೆಗೂ ಬಡ್ಡಿ. ನಮ್ಮ ಸಂಘದ ಸಾಲದಂತೆ ಉಳಿದ ಅಸಲಿಗೆ ಬಡ್ಡಿ ಹಾಕುವ ಕ್ರಮದಲ್ಲಿ ನೋಡಿದರೆ ಇದು ಸುಮಾರು 21 ಪರ್ಸೆಂಟ್ ಆಗುತ್ತದೆ. ಅದೇ 12 ಪರ್ಸೆಂಟು ಉಳಿದ ಅಸಲಿನ ಮೇಲೆ ಆಗಿದ್ದರೆ ಕಂತು 16,607, ಮೂರು ವರ್ಷದ ಬಡ್ಡಿ ಸುಮಾರು 98,000. ಒಂದೇ ‘12’ರೊಳಗೆ 82,000 ರೂ. ವ್ಯತ್ಯಾಸ. ಪರ್ಸೆಂಟ್ ಕೇಳಬೇಡಿ. ಕಂತೆಷ್ಟು, ಎಷ್ಟು ತಿಂಗಳು ಎಂದು ಕೇಳಿ ಗುಣಿಸಿ. ತೋಟವನ್ನಂತೂ ಲಾರಿಯ ಸಾಲಕ್ಕೆ ಹಚ್ಚಬೇಡಿ. ಲಾರಿಯ ಸಾಲಕ್ಕೆ ಲಾರಿಯೇ ಜಾಮೀನಾಗಿರಲಿ.

ಯಾವ ಗಾಡಿ ಎಂಬುದು ಲೋಡಿನ ಪುಸ್ತಕ ತುಂಬಿದ ಮೇಲೆ ತಾನೇ ಗೊತ್ತಾಗುತ್ತದೆ. ಕಣದಿಂದ ಹೋಬಳಿಯ ಗೋದಾಮಿಗೆ ಸಾಗಿಸುವುದೇ ಹೆಚ್ಚಿದ್ದರೆ ಟಾಟಾ 407ರಂಥ ಸಣ್ಣ ಗಾಡಿ ಸಾಕು. ತೋಟದ ತಿರುವಿನಲ್ಲಿ ದೊಡ್ಡ ಲಾರಿ ತಿರುಗುವುದೂ ಇಲ್ಲ. ಲೈಸೆನ್ಸಿನ ವಿಷಯದಲ್ಲೂ ಇದಕ್ಕೆ ಅನುಕೂಲವಿದೆ. ಒಟ್ಟು ತೂಕ 7,500 ಕಿಲೋ ಒಳಗಿನ ಸಾಗಣೆ ಗಾಡಿಯನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಅದಕ್ಕಿಂತ ದೊಡ್ಡ ಗಾಡಿಗೆ ಭಾರಿ ವಾಹನದ ಲೈಸೆನ್ಸ್ ಬೇಕೇ ಬೇಕು. ಘಟ್ಟ ಇಳಿದು ಕೇರಳಕ್ಕೆ ಹೋಗುವ ಯೋಚನೆ ಇದ್ದರೆ ಗಾಡಿಯ ವಯಸ್ಸು ನೋಡಿ. 12 ವರ್ಷ ದಾಟಿದ ಆರು ಚಕ್ರದ ಲಾರಿಗೆ ನ್ಯಾಷನಲ್ ಪರ್ಮಿಟ್ ಕೊಡುವುದಿಲ್ಲ. 2020ರ ಏಪ್ರಿಲ್ ನಂತರದ ಬಿ.ಎಸ್. 6 ಗಾಡಿಗಳು ಹೊಗೆ ಕಡಿಮೆ ಬಿಡುತ್ತವೆ, ನಿಜ. ದೊಡ್ಡವುಗಳಿಗೆ ಡೀಸೆಲ್ ಜೊತೆಗೆ ಡಿ.ಇ.ಎಫ್. ದ್ರವವನ್ನೂ ತುಂಬಿಸಬೇಕು. ಸೆನ್ಸರ್ ಕೆಟ್ಟರೆ ಕಂಪ್ಯೂಟರ್ ಇರುವ ವರ್ಕ್‌ಶಾಪಿಗೇ ಹೋಗಬೇಕು. ನಿಮ್ಮ ಪೇಟೆಯ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ ಗಾಡಿ ಯಾವುದೋ ಅದೇ ನಿಮಗೆ ಒಳ್ಳೆಯ ಗಾಡಿ.

ಈಗ ಲಾರಿ ನೋಡಲು ಹೋಗೋಣ. ಮೆಕ್ಯಾನಿಕ್ಕನ್ನು ಕರೆದೊಯ್ಯಿರಿ, ಅವರ ಒಂದು ದಿನದ ಕೂಲಿ ಕೊಡಿ. ಮಾರುವವರ ಪರಿಚಯದ ಮೆಕ್ಯಾನಿಕ್ ಬೇಡ. ಬೆಳಿಗ್ಗೆ ಬೇಗ ಹೋಗಿ, ಬರುತ್ತೇವೆಂದು ಗಂಟೆ ಹೇಳಬೇಡಿ. ಹೋದ ಕೂಡಲೇ ಎಂಜಿನ್ನಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿ ಸಿದ್ಧಪಡಿಸಿದ್ದಾರೆ. ತಣ್ಣಗಿರುವ ಎಂಜಿನ್ ಮಾತ್ರ ನಿಜ ಹೇಳುತ್ತದೆ. ಸ್ಟಾರ್ಟ್ ಮಾಡುವ ಮೊದಲೇ ರೇಡಿಯೇಟರಿನ ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೇ, ಡಿಪ್‌ಸ್ಟಿಕ್ಕಿನ ಆಯಿಲ್ ಕಾಫಿಗೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದೆಯೇ ನೋಡಿ. ಎರಡರಲ್ಲಿ ಯಾವುದು ಕಂಡರೂ ನೀರು, ಆಯಿಲ್ ಎಲ್ಲೋ ಸೇರುತ್ತಿವೆ. ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ಕಪ್ಪು ಹೊಗೆ ಇಂಜೆಕ್ಟರು, ಪಂಪು ಅಥವಾ ಏರ್ ಫಿಲ್ಟರಿನ ತೊಂದರೆ, ರಿಪೇರಿಯಲ್ಲಿ ಮುಗಿಯಬಹುದು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ. ಅಲ್ಲಿಂದ ಬುಸ್ ಬುಸ್ ಎಂದು ಗಾಳಿ ನುಗ್ಗಿದರೆ ರಿಂಗು, ಬೋರು ಸವೆದಿವೆ. ಎಂಜಿನ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಬೇಕು.

ಖಾಲಿ ಲಾರಿ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ನಾವು ಮಾಡಿದ ಇನ್ನೊಂದು ತಪ್ಪು ಇದು. ಐದಾರು ಟನ್ ಮರಳೋ ಜಲ್ಲಿಯೋ ಹಾಕಿಸಿ, ಬಾಡಿಗೆ ನಾವೇ ಕೊಡುತ್ತೇವೆನ್ನಿ. ಮೂವತ್ತು ಕಿಲೋಮೀಟರ್, ಅದರಲ್ಲಿ ಸ್ವಲ್ಪ ಏರು ಇಳಿವು ಇರಲಿ. ಏರಿನಲ್ಲಿ ಎಂಜಿನ್ ಕಿರುಚಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ಚು ಜಾರುತ್ತಿದೆ. ಇಳಿವಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರು ತಾನಾಗಿ ಹಾರಿ ನ್ಯೂಟ್ರಲಿಗೆ ಬಂದರೆ ಆ ಲಾರಿ ಘಟ್ಟಕ್ಕೆ ಖಂಡಿತ ಬೇಡ. ಬೆಲೆ ಎಷ್ಟೇ ಇಳಿಸಿದರೂ ಬೇಡ, ಅದು ಹುಡುಗನ ಜೀವದ ಮಾತು. ಬಿಸಿಯಾದ ಮೇಲೆ ಆಯಿಲ್ ಪ್ರೆಷರಿನ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಏರ್ ಬ್ರೇಕ್ ಇದ್ದರೆ ಗಾಳಿ ಪೂರ್ತಿ ತುಂಬಿಸಿ, ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು ಮುಳ್ಳನ್ನೇ ನೋಡುತ್ತಿರಿ. ಮುಳ್ಳು ಇಳಿಯುತ್ತ ಹೋದರೆ ಎಲ್ಲೋ ಗಾಳಿ ಸೋರುತ್ತಿದೆ.

ಆಮೇಲೆ ಹಳೆಯ ಬಟ್ಟೆ ಹಾಕಿಕೊಂಡು ಟಾರ್ಚ್ ಹಿಡಿದು ಲಾರಿಯ ಅಡಿಗೆ ಮಲಗಬೇಕು. ಚಾಸಿಯಲ್ಲಿ ಸ್ಪ್ರಿಂಗಿನ ಬ್ರಾಕೆಟ್ ಕೂತ ಜಾಗಗಳಲ್ಲಿ ಬಿರುಕು, ವೆಲ್ಡಿಂಗ್ ಗುರುತು, ಪಟ್ಟಿ ಕೊಟ್ಟು ಬೋಲ್ಟ್ ಬಿಗಿದ ಜಾಗ ಇದೆಯೇ ನೋಡಿ. ಚಾಸಿಗೆ ಒಂದೇ ಕಡೆ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲೇ ಸ್ಕ್ರೂಡ್ರೈವರಿನಿಂದ ಕೆರೆಯಿರಿ. ನಮ್ಮ ಲಾರಿಯ ಬಿರುಕು ಅಂಥ ಬಣ್ಣದ ಅಡಿಯಲ್ಲೇ ಇತ್ತು. ಮೂರು ತಿಂಗಳ ಮೇಲೆ ಅದನ್ನು ಕಂಡ ಮೆಕ್ಯಾನಿಕ್, ‘ಸಾರ್, ಬಣ್ಣ ನೋಡಿ ತಗೊಂಡ್ರಾ?’ ಎಂದಷ್ಟೇ ಕೇಳಿದರು. ಕರಾವಳಿಯಲ್ಲಿ ಮೀನು ಹೊತ್ತ ಗಾಡಿಗಳಿಗೆ ಉಪ್ಪುನೀರು ಸೋರಿ ಕಬ್ಬಿಣ ಒಳಗಿನಿಂದ ತಿಂದಿರುತ್ತದೆ. ಬಾಡಿಯ ಹಲಗೆಯನ್ನು ಮೂಸಿ ನೋಡುವುದಕ್ಕೂ ನಾಚಬೇಡಿ. ಕಾಫಿ ಯಾವ ವಾಸನೆಯನ್ನಾದರೂ ಹೀರುವ ಮಾಲು. ಮೀನು, ಔಷಧಿ, ಸೀಮೆಎಣ್ಣೆ ಹೊತ್ತ ಹಲಗೆಯ ಮೇಲೆ ಪಾರ್ಚ್‌ಮೆಂಟ್ ಹಾಕಿದರೆ ನಿಮ್ಮನ್ನು ಎರಡನೆಯ ಸಲ ಯಾರೂ ಕರೆಯುವುದಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಮೇಲೆ ರೀಸೋಲ್ ಮಾಡಿ ಹೊಸದಾಗಿ ಕಂಡರೂ ಒಳಗಿನ ವಯಸ್ಸು ಈ ಅಂಕಿಯಲ್ಲಿದೆ. ಮುಂದಿನ ಎರಡು ಚಕ್ರಕ್ಕೆ ರೀಸೋಲ್ ಟೈರ್ ಬೇಡ. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಕಿಂಗ್‌ಪಿನ್ ಸವೆದಿರಬಹುದು, ಆಕ್ಸಲ್ ಬಾಗಿರಲೂಬಹುದು.

ಕಾಗದದ ವಿಷಯದಲ್ಲಿ ನಮ್ಮ ಕಾಲಕ್ಕಿಂತ ಈಗ ಎಷ್ಟೋ ವಾಸಿ. ಫೋನಿನಲ್ಲೇ ಪರಿವಾಹನ್ ತೆರೆದು ನಂಬರ್ ಹಾಕಿದರೆ ಎಫ್.ಸಿ., ತೆರಿಗೆ, ವಿಮೆ ಎಲ್ಲಿಯವರೆಗೆ ಇವೆ, ಸಾಲವಿದೆಯೇ ಎಂಬುದು ಕಾಣುತ್ತದೆ. ಬಾಕಿ ಚಲನ್‌ಗಳನ್ನೂ ಅಲ್ಲೇ ನೋಡಬಹುದು. ಎಂಟು ವರ್ಷ ದಾಟಿದ ಗಾಡಿಗೆ ಎಫ್.ಸಿ. ಪ್ರತಿ ವರ್ಷ ಆಗಬೇಕು. ಚಾಸಿ ನಂಬರನ್ನು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್.ಸಿ.ಯೊಂದಿಗೆ ಅಂಕಿ ಅಂಕಿ ಹೋಲಿಸಿ. ಸಾಲ ತೀರಿದೆಯೆಂಬ ಬಾಯಿಮಾತು ಬೇಡ. ಫೈನಾನ್ಸಿನವರು ಸಹಿ ಹಾಕಿದ ಫಾರಂ 35 ಮತ್ತು ಅವರ ಪತ್ರ ಕೈಗೆ ಬರಬೇಕು. ಬಾಕಿ ಇದ್ದರೆ ಫೈನಾನ್ಸಿನ ಕಚೇರಿಗೆ ಮಾರುವವರ ಜೊತೆಯಲ್ಲೇ ಹೋಗಿ, ಬಾಕಿಯನ್ನು ನೀವೇ ಕಟ್ಟಿ ರಸೀದಿ ಪಡೆದು, ಉಳಿದದ್ದನ್ನು ಮಾತ್ರ ಮಾರುವವರಿಗೆ ಕೊಡಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಹೊರರಾಜ್ಯದ ಗಾಡಿಯಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರವೂ ಬೇಕು. ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕೆಂದು ಕಾನೂನಿದೆ.

ಇದರಲ್ಲಿ ಮಾರುವವರ ಹಿತವೂ ಇದೆ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಗಾಡಿ ನಾಲ್ಕು ಕೈ ದಾಟಿದ್ದರೂ ಅಷ್ಟೆ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಮಾಲೀಕರ ಹೆಸರಿನ ಪಾಲಿಸಿಯಲ್ಲಿ ನಿಮ್ಮ ಲಾರಿಯ ಸ್ವಂತ ನಷ್ಟಕ್ಕೆ ಪರಿಹಾರ ಸಿಗುವುದು ಕಷ್ಟ, ಅವರ ನೋ ಕ್ಲೇಮ್ ಬೋನಸ್ಸೂ ನಿಮಗೆ ಬರುವುದಿಲ್ಲ. 12 ಟನ್ನಿಗಿಂತ ಮೇಲೆ 20 ಟನ್ನಿನವರೆಗಿನ ಸರಕು ವಾಹನಕ್ಕೆ 2022ರ ಜೂನಿನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಕಂತೇ 35,313 ರೂ., ಅದರ ಮೇಲೆ ತೆರಿಗೆ ಬೇರೆ. ಇದನ್ನು ಮರೆತು ಬೆಲೆ ಮಾತಾಡುವವರೇ ಹೆಚ್ಚು.

ಓವರ್‌ಲೋಡಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ‘ಇನ್ನೆರಡು ಟನ್ ಹಾಕಿದ್ರೇನೇ ಗಿಟ್ಟೋದು’ ಎನ್ನುವವರು 2019ರ ಸೆಪ್ಟೆಂಬರಿನಿಂದ ದಂಡ 20,000 ರೂ., ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ಎಂಬುದನ್ನೂ ಆ ಲೆಕ್ಕದಲ್ಲಿ ಬರೆದುಕೊಳ್ಳಲಿ. ಹೆಚ್ಚುವರಿ ಮಾಲನ್ನು ಅಲ್ಲೇ ಇಳಿಸಲೂ ಬೇಕು.

ಹಣ ಕೊಡುವ ದಿನ ಬ್ಯಾಂಕಿನ ಮೂಲಕವೇ ಕೊಡಿ. ಡೆಲಿವರಿ ನೋಟಿನಲ್ಲಿ ತಾರೀಖಿನ ಜೊತೆಗೆ ಗಂಟೆ, ನಿಮಿಷವನ್ನೂ ಬರೆಸಿ ಇಬ್ಬರೂ ಸಹಿ ಹಾಕಿ. ಆ ಗಂಟೆಯ ಹಿಂದಿನ ಚಲನ್ ಮಾರಿದವರದು, ಮುಂದಿನದು ನಿಮ್ಮದು. ಫಾರಂ 29, 30, 35ರ ಮಾದರಿಗಳನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಲೋಡಿನ ನೋಟ್ ಪುಸ್ತಕ ತಂದರೆ ಕೂತು ನೋಡುತ್ತೇವೆ, ಬುಧವಾರ ಮಧ್ಯಾಹ್ನ ಬಿಡುವಿರುತ್ತದೆ.

ನಮ್ಮ ಲಾರಿಯನ್ನು 2005ರಲ್ಲಿ ಮಾರಿದೆವು. ಕೊಳ್ಳಲು ಬಂದವರು ಹದಿನೈದು ವರ್ಷ ಬೇರೆಯವರ ಗಾಡಿ ಓಡಿಸಿದ ಡ್ರೈವರು. ಬೆಳಿಗ್ಗೆ ಆರಕ್ಕೇ ಬಂದು ಎಂಜಿನ್ನಿನ ಮೇಲೆ ಕೈಯಿಟ್ಟರು. ಅರ್ಧ ಗಂಟೆ ಅಡಿಯಲ್ಲಿ ಮಲಗಿದ್ದು ಎದ್ದು ಬಂದು, ಚಾಸಿಯ ಪಟ್ಟಿ ತೋರಿಸಿ ನಾವು ಹೇಳಿದ ಬೆಲೆಯಲ್ಲಿ ನಲವತ್ತು ಸಾವಿರ ಇಳಿಸಿದರು. ಒಂದು ತಿಂಗಳಿಗೆ ಹೆಸರು ಬದಲಾದ ಆರ್.ಸಿ.ಯ ಜೆರಾಕ್ಸ್ ಪ್ರತಿಯನ್ನು ಅವರೇ ಅಂಚೆಯಲ್ಲಿ ಕಳಿಸಿದರು.